ರೋಮನ್ ಬೆಳ್ಳಿ ನಾಣ್ಯಗಳ ಟಂಕನದೋಷಗಳು: ಒಂದು ಟಿಪ್ಪಣಿ

ಗ್ರಂಥಸಂಪಾದಕರಿಗೆ ಲಿಪಿಕಾರನ ಸ್ಖಾಲಿತ್ಯಗಳು ಕೇವಲ ತೊಡಕುಗಳಲ್ಲ. ಪ್ರತಿಯನ್ನು ಯಾವ ಮಾತೃಕೆಯಿಂದ, ಯಾವ ಕ್ರಮದಲ್ಲಿ ಎತ್ತಲಾಯಿತೆಂಬುದಕ್ಕೆ ಅವು ಸಾಕ್ಷಿ. ನಾಣ್ಯಶಾಸ್ತ್ರಕ್ಕೂ ಈ ಮಾತು ಅನ್ವಯಿಸುತ್ತದೆ.

ಸಂಸ್ಕೃತದ ‘ದೀನಾರ’ ಶಬ್ದಕ್ಕೆ ಮೂಲವಾದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ರೋಮ್‌ನಲ್ಲಿ ಬಳಕೆಗೆ ಬಂದುದು ಸುಮಾರು ಕ್ರಿ.ಪೂ. 211ರಲ್ಲಿ. ಕ್ರಿ.ಪೂ. 46ರಲ್ಲಿ ಟೈಟಸ್ ಕ್ಯಾರಿಸಿಯಸ್ ಎಂಬ ಟಂಕಾಧಿಕಾರಿ ಹೊರಡಿಸಿದ ನಾಣ್ಯದ ಮುಂಬದಿಯಲ್ಲಿ ಮೊನೆಟಾ ದೇವತೆಯ ಶಿರಸ್ಸೂ ಹಿಂಬದಿಯಲ್ಲಿ ಅಡಿಗಲ್ಲು, ಇಕ್ಕಳ, ಸುತ್ತಿಗೆಗಳೂ ಇವೆ. ಇದರಿಂದ ಉಪಕರಣಗಳ ಪರಿಚಯವಾಗುತ್ತದೆಯೇ ಹೊರತು ಕೆಲಸದ ಕ್ರಮ ತಿಳಿಯದು. ಅದನ್ನು ವಿವರಿಸುವ ರೋಮನ್ ಗ್ರಂಥವೂ ಉಳಿದುಬಂದಿಲ್ಲ. ಈ ಕೊರತೆಯನ್ನು ಬಹುಮಟ್ಟಿಗೆ ತುಂಬುವವು ದೋಷಯುಕ್ತ ನಾಣ್ಯಗಳು.

ಕೆಲವು ಡಿನೇರಿಯಸ್‌ಗಳ ಎರಡೂ ಬದಿಗಳಲ್ಲಿ ಒಂದೇ ಶಿರಸ್ಸು ಕಾಣುತ್ತದೆ: ಒಂದೆಡೆ ಉಬ್ಬಾಗಿ, ಇನ್ನೊಂದೆಡೆ ತಗ್ಗಾಗಿ, ಕನ್ನಡಿಯ ಬಿಂಬದಂತೆ ಎಡಬಲ ಬದಲಾಗಿ. ಮುಂಬದಿಯ ಅಚ್ಚನ್ನು ಅಡಿಗಲ್ಲಿನಲ್ಲಿ ಕೂರಿಸಿ, ಬೆಳ್ಳಿಯ ಬಿಲ್ಲೆಯನ್ನಿಟ್ಟು, ಹಿಂಬದಿಯ ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಹೊಡೆದ ನಾಣ್ಯ ಮೇಲಿನ ಅಚ್ಚಿಗೆ ಕಚ್ಚಿಕೊಂಡುದನ್ನು ಗಮನಿಸದೆ ಮತ್ತೊಂದು ಬಿಲ್ಲೆಯನ್ನಿಟ್ಟರೆ ಆ ನಾಣ್ಯವೇ ಅಚ್ಚಾಗಿ ಪರಿಣಮಿಸುತ್ತಿತ್ತು. ಹಿಂಬದಿಯ ಚಿತ್ರವೇ ಹೀಗೆ ಎರಡೂ ಕಡೆ ಮೂಡಿದ ನಾಣ್ಯಗಳು ವಿರಳ. ಕೆಳಗಿನ ಅಚ್ಚಿನಲ್ಲಿ ಉಳಿದ ನಾಣ್ಯ ಸುಲಭವಾಗಿ ಕಣ್ಣಿಗೆ ಬೀಳುತ್ತಿತ್ತು. ಮುಂಬದಿಯ ಅಚ್ಚು ಕೆಳಗಿತ್ತೆಂಬ ನಿರ್ಣಯಕ್ಕೆ ಈ ವ್ಯತ್ಯಾಸವೂ ಆಧಾರ.

ಚಿತ್ರ ಅಂಚಿಗೆ ಸರಿದ ನಾಣ್ಯಗಳು ಬಿಲ್ಲೆಯನ್ನು ಹಿಡಿದಿಡುವ ಕಟ್ಟು ಇರಲಿಲ್ಲವೆಂದೂ, ಇಮ್ಮಡಿ ರೇಖೆಯವು ಒಂದಕ್ಕಿಂತ ಹೆಚ್ಚು ಪೆಟ್ಟು ಬಿದ್ದಿತೆಂದೂ ಸೂಚಿಸುತ್ತವೆ. ಇಂಥವನ್ನು ಕರಗಿಸದೆ ಹೊರಬಿಟ್ಟುದು ಕೆಲಸದ ತ್ವರೆಗೆ ನಿದರ್ಶನ.

ದಖ್ಖನಿನಲ್ಲಿ ಸಿಕ್ಕ ಡಿನೇರಿಯಸ್‌ಗಳ ಅಭ್ಯಾಸಿಗಳು ಇಲ್ಲೊಂದು ಎಚ್ಚರಿಕೆ ವಹಿಸಬೇಕು. ನಲ್ಗೊಂಡ ಜಿಲ್ಲೆಯ ಅಕ್ಕನಪಲ್ಲಿಯ ನಿಧಿಯಲ್ಲಿ ಹಲವು ನಾಣ್ಯಗಳ ಮೇಲೆ ಉಳಿಯ ಕಚ್ಚುಗಳಿವೆ. ಅವು ಟಂಕಸಾಲೆಯ ದೋಷಗಳಲ್ಲ, ನಾಣ್ಯ ಹೊರಬಿದ್ದ ಮೇಲೆ ಉದ್ದೇಶಪೂರ್ವಕವಾಗಿ ಹಾಕಿದವು. ಮೊದಲನೆಯದು ತಯಾರಿಸಿದವನ ಚರಿತ್ರೆ, ಎರಡನೆಯದು ಬಳಸಿದವನ ಚರಿತ್ರೆ.

ಸೂಚಿಗಳಲ್ಲಿ ಇವೆರಡನ್ನೂ ‘ವಿಕೃತ’ ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ಸಾಧುವಲ್ಲ. ಕ್ಯಾರಿಸಿಯಸನ ಹೆಸರು ನಾಣ್ಯದ ಮೇಲೆಯೇ ಇದೆ. ಸುತ್ತಿಗೆ ಹಿಡಿದವನನ್ನು ಕುರಿತು ನಮಗೆ ಉಳಿದಿರುವ ದಾಖಲೆ ಬಹುಶಃ ಅವನ ತಪ್ಪುಗಳು ಮಾತ್ರ.