ಇಬ್ನುಲ್ ಹೈಸಮ್ ಮತ್ತು ದೂರದ ಅಳತೆ

ಒಂದು ನಾಣ್ಯವನ್ನು ಕಣ್ಣಿಗೆದುರಾಗಿ ತೋಳು ಚಾಚಿ ಹಿಡಿದರೆ ಹುಣ್ಣಿಮೆಯ ಚಂದ್ರನೇ ಮರೆಯಾಗುತ್ತಾನೆ. ಆದರೂ ನಾಣ್ಯವು ಚಂದ್ರನಿಗಿಂತ ದೊಡ್ಡದೆಂದು ನಾವಾರೂ ನಂಬುವುದಿಲ್ಲ. ಏಕೆ? ಸಾವಿರ ವರ್ಷಗಳ ಹಿಂದೆ ಇಂತಹ ಪ್ರಶ್ನೆಗೆ ಆಳವಾದ ಉತ್ತರ ಬರೆದವರು ಇಬ್ನುಲ್ ಹೈಸಮ್.

ಸುಮಾರು 965ರಲ್ಲಿ ಬಸ್ರಾದಲ್ಲಿ ಜನಿಸಿದ ಅವರು ಫಾತಿಮೀ ಖಲೀಫ ಅಲ್ ಹಾಕಿಮ್‌ನ ಕಾಲದಲ್ಲಿ ಕೈರೋಗೆ ಬಂದರು. ನೈಲ್ ನದಿಯ ಪ್ರವಾಹವನ್ನು ನಿಯಂತ್ರಿಸುವ ಯೋಜನೆ ತಮ್ಮಿಂದಾಗದೆಂದು ಅರಿತಾಗ, ಖಲೀಫನ ಕೋಪಕ್ಕೆ ಹೆದರಿ ಬುದ್ಧಿಭ್ರಮಣೆಯಾದಂತೆ ನಟಿಸಿದರೆಂದು ಹಿಂದಿನ ಚರಿತ್ರಕಾರರು ಬರೆದಿದ್ದಾರೆ. ಅವರ ಮಹಾಗ್ರಂಥ ‘ಕಿತಾಬುಲ್ ಮನಾಝಿರ್’ ಏಳು ಭಾಗಗಳಲ್ಲಿದೆ.

ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂಬ ಯೂಕ್ಲಿಡ್ ಮತ್ತು ಟಾಲೆಮಿಯ ಮತವನ್ನು ಅವರು ಒಪ್ಪಲಿಲ್ಲ. ಬೆಳಕು ವಸ್ತುವಿನಿಂದಲೇ ಕಣ್ಣಿಗೆ ಬರುತ್ತದೆ ಎಂದರು. ವಸ್ತುವು ಕಣ್ಣಿನಲ್ಲಿ ಉಂಟುಮಾಡುವ ಕೋನವೊಂದರಿಂದಲೇ ಅದರ ಗಾತ್ರ ತಿಳಿಯದು, ಅದರ ದೂರವೂ ತಿಳಿದಿರಬೇಕು ಎಂದು ವಿವರಿಸಿದರು. ಕಣ್ಣಿಗೂ ವಸ್ತುವಿಗೂ ನಡುವೆ ಹಬ್ಬಿದ ನೆಲ ಮತ್ತು ಪರಿಚಿತ ವಸ್ತುಗಳ ಸಾಲಿನಿಂದ ನಾವು ದೂರವನ್ನು ನಿರ್ಣಯಿಸುತ್ತೇವೆ. ದಿಗಂತದ ಬಳಿ ಚಂದ್ರನು ದೊಡ್ಡವನಾಗಿ ಕಾಣುವುದು ಈ ನಿರ್ಣಯದ ಪರಿಣಾಮವೆಂದೂ ಅವರು ಹೇಳಿದರು.

ಇಂದಿನ ಕ್ಯಾಮೆರಾಕ್ಕೂ ಇದೇ ತೊಡಕು. ನೀರಿನಾಳದಲ್ಲಿ ತೆಗೆದ ಮೀನಿನ ಚಿತ್ರವೊಂದನ್ನೇ ನೋಡಿ ಅದು ಹತ್ತಿರದ ಚಿಕ್ಕ ಮೀನೋ ದೂರದ ದೊಡ್ಡ ಮೀನೋ ಎಂದು ಹೇಳಲಾಗದು. ಆದ್ದರಿಂದ ಸಂಶೋಧಕರು ಕ್ಯಾಮೆರಾದ ಪಕ್ಕದಲ್ಲಿ ಎರಡು ಲೇಸರ್‌ಗಳನ್ನು ಸಮಾಂತರವಾಗಿ ಜೋಡಿಸುತ್ತಾರೆ. ಅವುಗಳ ಅಂತರ 10 ಸೆಂಟಿಮೀಟರ್ ಆಗಿದ್ದರೆ ಮೀನಿನ ಮೈಮೇಲೆ ಬೀಳುವ ಎರಡು ಬೆಳಕಿನ ಚುಕ್ಕೆಗಳ ಅಂತರವೂ 10 ಸೆಂಟಿಮೀಟರ್. ಚಿತ್ರದಲ್ಲಿ ಮೀನು ಆ ಅಂತರದ ಆರರಷ್ಟಿದ್ದರೆ ಅದರ ಉದ್ದ 60 ಸೆಂಟಿಮೀಟರ್. ಮೀನು ಎರಡು ಪಟ್ಟು ದೂರ ಸರಿದರೆ ಚಿತ್ರದಲ್ಲಿ ಚುಕ್ಕೆಗಳ ಅಂತರ ಅರ್ಧವಾಗುತ್ತದೆ. ಹೀಗೆ ದೂರವೂ ಲೆಕ್ಕಕ್ಕೆ ಸಿಗುತ್ತದೆ. ಮೊದಲ ಲೇಸರ್ ಬೆಳಗಿದ್ದು 1960ರಲ್ಲಿ. ಆದರೆ ಗಾತ್ರವನ್ನು ಅರಿಯಲು ಕೋನದ ಜೊತೆಗೆ ತಿಳಿದ ಅಳತೆಯೊಂದು ಬೇಕೆಂಬ ತತ್ತ್ವ ಅದಕ್ಕಿಂತ ಬಹಳ ಹಳೆಯದು.

ಇಲ್ಲಿ ನಾವೊಂದು ಎಚ್ಚರ ವಹಿಸಬೇಕಿದೆ. ‘ಕ್ಯಾಮೆರಾ’ ಎಂಬುದು ಅರಬಿಯ ‘ಕಮರಾ’ದಿಂದ ಬಂದ ಪದ, ಅದನ್ನು ಕಂಡುಹಿಡಿದವರು ಇಬ್ನುಲ್ ಹೈಸಮ್ ಎಂಬ ಮಾತು ನಮ್ಮಲ್ಲಿ ಹರಿದಾಡುತ್ತಿದೆ. ಅದು ಸರಿಯಲ್ಲ. ಕೋಣೆ ಎಂಬ ಅರ್ಥದ ಲ್ಯಾಟಿನ್ ಪದವೇ ಅದರ ಮೂಲ. ಸಣ್ಣ ರಂಧ್ರದಿಂದ ಬಿಂಬ ಮೂಡುವುದನ್ನು ಚೀನಾ ಮತ್ತು ಗ್ರೀಸ್‌ನ ವಿದ್ವಾಂಸರು ಮೊದಲೇ ಗಮನಿಸಿದ್ದರು. ಕತ್ತಲೆಯ ಕೋಣೆಯಲ್ಲಿ ದೀಪಗಳನ್ನಿಟ್ಟು ಕ್ರಮಬದ್ಧ ಪ್ರಯೋಗ ನಡೆಸಿದ್ದು, ಗ್ರಹಣಕಾಲದ ಬಿಂಬವನ್ನು ಗಣಿತದಿಂದ ಪರಿಶೀಲಿಸಿದ್ದು ಇಬ್ನುಲ್ ಹೈಸಮ್‌ರ ಸಾಧನೆ. ಅವರ ಗ್ರಂಥ ಲ್ಯಾಟಿನ್‌ಗೆ ಅನುವಾದಗೊಂಡು 1572ರಲ್ಲಿ ಬಾಸೆಲ್‌ನಲ್ಲಿ ಮುದ್ರಣವಾಯಿತು. ಇಷ್ಟು ಸತ್ಯವಿರುವಾಗ ಉತ್ಪ್ರೇಕ್ಷೆಯ ಅಗತ್ಯವಾದರೂ ಏನು?

ಟಾಲೆಮಿಯಂತಹ ಮಹಾಪಂಡಿತನ ಮಾತನ್ನೂ ಪರೀಕ್ಷಿಸದೆ ಸ್ವೀಕರಿಸಬಾರದೆಂದು ಬರೆದವರು ಅವರು. ಅವರ ಹೆಸರಿನಲ್ಲೇ ಪರೀಕ್ಷಿಸದ ಮಾತನ್ನು ನಾವು ಹಬ್ಬಿಸುವುದು ಅವರಿಗೆ ಮಾಡುವ ಅನ್ಯಾಯ. ಮುಂದಿನ ಹುಣ್ಣಿಮೆಯ ಸಂಜೆ ಮಕ್ಕಳ ಕೈಗೊಂದು ನಾಣ್ಯ ಕೊಡೋಣ. ಚಂದ್ರನು ಮೂಡುವಾಗ ಒಮ್ಮೆ, ನೆತ್ತಿಗೇರಿದಾಗ ಒಮ್ಮೆ ಅವರೇ ಅಳೆದು ನೋಡಲಿ. ಇಬ್ನುಲ್ ಹೈಸಮ್‌ರನ್ನು ಸ್ಮರಿಸಲು ಅದಕ್ಕಿಂತ ಯೋಗ್ಯವಾದ ದಾರಿ ನಮಗೆ ಕಾಣದು.