ಹಿರಿಯರಿಗೆ 14567: ಒಂಟಿತನಕ್ಕೆ ಕಿವಿಗೊಡುವ ಸಹಾಯವಾಣಿ
ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿದ್ದು, ಊರ ಮನೆಯಲ್ಲಿ ಒಂಟಿಯಾಗಿ ದಿನ ಕಳೆಯುವ ಹಿರಿಯರು ನಮ್ಮ ಕರಾವಳಿಯಲ್ಲಿ ಅನೇಕರಿದ್ದಾರೆ. ಹಿರಿಯ ನಾಗರಿಕರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ‘ಎಲ್ಡರ್ ಲೈನ್’, ಸಂಖ್ಯೆ 14567. ಟಾಟಾ ಟ್ರಸ್ಟ್ಸ್ ಹೈದರಾಬಾದಿನಲ್ಲಿ ಆರಂಭಿಸಿದ ಈ ಸೇವೆಯನ್ನು 2021ರ ಅಕ್ಟೋಬರ್ 1ರಂದು ದೇಶಕ್ಕೆ ಸಮರ್ಪಿಸಲಾಯಿತು. ಕರೆ ಉಚಿತ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ಪಿಂಚಣಿ, ಕಾನೂನಿನ ಮಾಹಿತಿಯಷ್ಟೇ ಅಲ್ಲ, ಮನಸ್ಸಿನ ಬೇಗುದಿಯನ್ನೂ ಆಲಿಸುತ್ತಾರೆ. ನಿರ್ಗತಿಕರು, ಕಿರುಕುಳಕ್ಕೊಳಗಾದವರು ಇದ್ದಲ್ಲಿಗೆ ಸಿಬ್ಬಂದಿ ಹೋಗುವ ವ್ಯವಸ್ಥೆಯೂ ಇದೆ. ಸ್ಮಾರ್ಟ್‌ಫೋನ್ ಬೇಕಿಲ್ಲ, ಗುಂಡಿ ಒತ್ತುವ ಹಳೆಯ ಮೊಬೈಲ್ ಸಾಕು. ಇದೇ ಇದರ ದೊಡ್ಡ ಗುಣ.

ಆದರೆ ಒಂಟಿತನ ಹೆಚ್ಚು ಕಾಡುವುದು ರಾತ್ರಿಯೇ. ಆಗ 2022ರಲ್ಲಿ ಆರಂಭವಾದ ಟೆಲಿ-ಮಾನಸ್ 14416 ಇದೆ: ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತನಾಡಬಹುದು. ಮನೆಭೇಟಿಗೆ ಹೋಗುವ ಗುರಿಕಾರರು ಎರಡೂ ಸಂಖ್ಯೆಗಳನ್ನು ದಪ್ಪಕ್ಷರದಲ್ಲಿ ಬರೆದುಕೊಟ್ಟು, ಒಮ್ಮೆ ಅವರ ಕೈಯಿಂದಲೇ 14567ಕ್ಕೆ ಕರೆ ಮಾಡಿಸಲಿ.