ಚಿಪ್ಪಿನ ತಲೆಮಾರುಗಳೂ ನಮ್ಮ ಹಳೆಯ ಕ್ಯಾಸೆಟ್ಟುಗಳೂ

ಏಷ್ಯನ್ ಕ್ರೀಡಾಕೂಟ ನಡೆದ 1982ರಲ್ಲಿ ನಮ್ಮ ದೂರದರ್ಶನಕ್ಕೆ ಬಣ್ಣ ಬಂತು. ಅದರ ಬೆನ್ನಿಗೇ ವಿ.ಸಿ.ಆರ್.ಗಳೂ ಬಂದವು. ಮುಂದಿನ ಇಪ್ಪತ್ತು ವರ್ಷ ಹೊರನಾಡಿನಲ್ಲಿ ನಾವು ಮಾಡಿದ ಮದುವೆ, ಮುಂಜಿ, ನಾಮಕರಣ, ರಾಜ್ಯೋತ್ಸವದ ನಾಟಕಗಳೆಲ್ಲ ಕ್ಯಾಸೆಟ್ಟುಗಳಲ್ಲಿ ಸೇರಿಕೊಂಡು ಈಗ ಬೀರುವಿನ ಮೇಲಟ್ಟದಲ್ಲಿ ಕುಳಿತಿವೆ. ಊರಿನಿಂದ ಬಂದಿದ್ದ ಅಜ್ಜಿ ಆರತಿ ಎತ್ತಿದ ದೃಶ್ಯ ಅವುಗಳಲ್ಲಿದೆ. ಆದರೆ ಮಂದ ಬೆಳಕಿನ ಸಭಾಂಗಣದಲ್ಲಿ ತೆಗೆದ ಚಿತ್ರ. ಅಜ್ಜಿಯ ಮುಖದ ತುಂಬ ಇರುವೆ ಹರಿದಾಡಿದಂತೆ ಚುಕ್ಕಿಗಳು. ಚಿತ್ರದ ಈ ಗದ್ದಲಕ್ಕೇ ತಂತ್ರಜ್ಞರು ‘ನಾಯ್ಸ್’ ಎನ್ನುತ್ತಾರೆ. ಇದನ್ನು ಕಳೆಯಲು ಯಾವ ತಲೆಮಾರಿನ ಚಿಪ್ಪಿರುವ ಲ್ಯಾಪ್‌ಟಾಪ್ ಕೊಳ್ಳಬೇಕು ಎಂಬುದು ಮಕ್ಕಳಿರುವ ಮನೆಗಳಲ್ಲೆಲ್ಲ ಕೇಳಿಬರುವ ಪ್ರಶ್ನೆ. ಉತ್ತರ ಅಂಗಡಿಯ ಜಾಹೀರಾತಿನಲ್ಲಿಲ್ಲ. ಕಳೆದ ಮೂರು ದಶಕಗಳ ಚರಿತ್ರೆಯನ್ನು ನೋಡಿದರೆ ಅದು ಸಿಗುತ್ತದೆ.

ನಾಯ್ಸ್ ಕಳೆಯುವ ಉಪಾಯದ ಮೂಲ ಬಹಳ ಸರಳ. ಮಂಟಪದ ಕಂಬ ಒಂದು ಚಿತ್ರದಿಂದ ಇನ್ನೊಂದಕ್ಕೆ ಅಲ್ಲಾಡುವುದಿಲ್ಲ. ಚುಕ್ಕಿಗಳು ಮಾತ್ರ ಪ್ರತಿ ಚಿತ್ರದಲ್ಲೂ ಜಾಗ ಬದಲಿಸುತ್ತವೆ. ಒಂದರ ಹಿಂದೊಂದು ಬರುವ ನಾಲ್ಕು ಚಿತ್ರಗಳ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಹದಿನಾರು ಚಿತ್ರಗಳದ್ದಾದರೆ ಕಾಲು ಭಾಗಕ್ಕೆ. ತೊಡಕಿರುವುದು ಅಜ್ಜಿಯ ಕೈ ಆಡುವಾಗ. ಕಣ್ಣುಮುಚ್ಚಿ ಸರಾಸರಿ ತೆಗೆದರೆ ಆರತಿ ತಟ್ಟೆಯ ಹಿಂದೆ ಇನ್ನೂ ಮೂರು ತಟ್ಟೆಗಳು ದೆವ್ವದಂತೆ ತೇಲುತ್ತವೆ. ಆದ್ದರಿಂದ ಚಿತ್ರವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿಯೊಂದು ತುಂಡೂ ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ಆಮೇಲೆ ಸರಾಸರಿ ಮಾಡಬೇಕು. ಯಂತ್ರದ ಬೆವರಿಳಿಯುವುದು ಈ ಹುಡುಕಾಟದಲ್ಲಿಯೇ.

1997ಕ್ಕೆ ಮೊದಲು ಮನೆಯ ಕಂಪ್ಯೂಟರಿನ ಚಿಪ್ ಒಂದು ಆಜ್ಞೆಗೆ ಒಂದೇ ಜೋಡಿ ಸಂಖ್ಯೆ ಕೂಡುತ್ತಿತ್ತು. ಆ ವರ್ಷ ಇಂಟೆಲ್ ಕಂಪನಿ ತನ್ನ ಪೆಂಟಿಯಂಗೆ ಎಂ.ಎಂ.ಎಕ್ಸ್. ಎಂಬ 57 ಹೊಸ ಆಜ್ಞೆಗಳನ್ನು ಸೇರಿಸಿತು. ಪಂಕ್ತಿಯಲ್ಲಿ ಒಂದೊಂದೇ ಎಲೆಗೆ ಬಡಿಸುತ್ತಿದ್ದವನು ಒಮ್ಮೆಗೇ ಎಂಟು ಎಲೆಗೆ ಬಡಿಸಿದ ಹಾಗಾಯಿತು. 2000ದ ಪೆಂಟಿಯಂ 4ರಲ್ಲಿ ಎಂಟು ಹದಿನಾರಾಯಿತು. 2013ರ ಹ್ಯಾಸ್ವೆಲ್ ತಲೆಮಾರಿಗೆ ಮೂವತ್ತೆರಡು. ಆದರೆ ಬಡಿಸುವ ಕೈ ಎಷ್ಟೇ ಚುರುಕಾದರೂ ಅಡುಗೆಮನೆಯಿಂದ ಅನ್ನ ಬರಬೇಕಲ್ಲ! ಕಂಪ್ಯೂಟರಿನಲ್ಲಿ ಅಡುಗೆಮನೆಯೆಂದರೆ ಮೆಮರಿ. ಅಲ್ಲಿಂದ ಚಿಪ್ಪಿಗೆ ಸೆಕೆಂಡಿಗೆ ಎಷ್ಟು ಮಾಹಿತಿ ಸಾಗುತ್ತದೆ ಎಂಬ ಲೆಕ್ಕ ಜಾಹೀರಾತಿನ ಮೊದಲ ಸಾಲಿನಲ್ಲಿ ಎಂದೂ ಇರುವುದಿಲ್ಲ.

ಆ ಸಾಲಿನಲ್ಲಿ ಆಗ ಇರುತ್ತಿದ್ದುದು ಗಿಗಾಹರ್ಟ್ಸ್. ಆ ಓಟ ಮುಗಿದದ್ದು ಶಾಖದಿಂದ. 2003ರಲ್ಲಿ ಇಂಟೆಲ್ಲಿನ ಇಸ್ರೇಲ್ ತಂಡ ರೂಪಿಸಿದ ಪೆಂಟಿಯಂ ಎಂ, ಕಡಮೆ ಗಿಗಾಹರ್ಟ್ಸ್‌ನಲ್ಲಿಯೇ ಓಡುತ್ತ, ಬಿಸಿಯಾಗಿ ಬುಸುಗುಟ್ಟುತ್ತಿದ್ದ ಪೆಂಟಿಯಂ 4ಕ್ಕೆ ನಿತ್ಯದ ಕೆಲಸಗಳಲ್ಲಿ ಸಾಟಿಯಾಗಿ ನಿಂತಿತು. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಯಂತ್ರ ದೊಡ್ಡದಲ್ಲ ಎಂದು ಲ್ಯಾಪ್‌ಟಾಪ್ ಕೊಳ್ಳುವವರಿಗೆ ಅಂದೇ ತಿಳಿಯಬಹುದಾಗಿತ್ತು.

ನಮ್ಮ ವಿಷಯಕ್ಕೆ ನಿಜವಾದ ತಿರುವು 2006ರದು. ಅಲ್ಲಿಯವರೆಗೆ ಆಟಗಳ ಚಿತ್ರ ಬಿಡಿಸಲಷ್ಟೇ ಇದ್ದ ಗ್ರಾಫಿಕ್ಸ್ ಚಿಪ್ಪನ್ನು ಎನ್‌ವಿಡಿಯಾ ಕಂಪನಿ ಕೂಡಾ ಎಂಬ ವ್ಯವಸ್ಥೆಯ ಮೂಲಕ ಎಲ್ಲ ಬಗೆಯ ಲೆಕ್ಕಕ್ಕೂ ತೆರೆದಿಟ್ಟಿತು. ಆ ವರ್ಷದ ಅದರ ದೊಡ್ಡ ಕಾರ್ಡಿನಲ್ಲಿ 128 ಪುಟ್ಟ ಲೆಕ್ಕಿಗರಿದ್ದರು. ಪ್ರತಿ ಚುಕ್ಕೆಗೂ ಒಂದೇ ಬಗೆಯ ಲೆಕ್ಕ ಮಾಡಬೇಕಾದ ಕೆಲಸಕ್ಕೆ ಇದಕ್ಕಿಂತ ತಕ್ಕ ಪರಿವಾರ ಇನ್ನೆಲ್ಲಿ? ಇದಕ್ಕೆ ಹೋಲಿಸಿದರೆ 2011ರಲ್ಲಿ ಇಂಟೆಲ್ ಲ್ಯಾಪ್‌ಟಾಪುಗಳಿಗೆ ಬಂದ ಕ್ವಿಕ್ ಸಿಂಕ್ ವಿಷಯದಲ್ಲಿ ಅನೇಕರಿಗೆ ತಪ್ಪು ಕಲ್ಪನೆಯಿದೆ. ವೀಡಿಯೊವನ್ನು ಕುಗ್ಗಿಸುವುದು, ಬಿಚ್ಚುವುದು ಅದರ ಮುಖ್ಯ ಕಸಬು. ಚುಕ್ಕಿ ಹುಡುಕುವ ಭಾರ ಅದರದಲ್ಲ.

2020ರ ನವೆಂಬರಿನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ಪಿನ ಲ್ಯಾಪ್‌ಟಾಪುಗಳನ್ನು ಹೊರತಂದಿತು. ಸಾಮಾನ್ಯ ಕೆಲಸದ ಚಿಪ್ಪಿಗೂ ಗ್ರಾಫಿಕ್ಸ್‌ಗೂ ಒಂದೇ ಅಡುಗೆಮನೆ. ಅಲ್ಲಿಂದ ಸೆಕೆಂಡಿಗೆ ಸುಮಾರು 68 ಗಿಗಾಬೈಟ್ ಬರುತ್ತಿತ್ತು. ಇದು ಹೆಚ್ಚೋ ಕಡಮೆಯೋ ಎಂದು ಲೆಕ್ಕ ಹಾಕೋಣ. 4ಕೆ ಚಿತ್ರವೊಂದರಲ್ಲಿ 82,94,400 ಬಿಂದುಗಳು. ಮೂರು ಬಣ್ಣ, ಪ್ರತಿ ಬಣ್ಣಕ್ಕೆ ನಾಲ್ಕು ಬೈಟ್ ಹಿಡಿದರೆ ಚಿತ್ರಕ್ಕೆ ಸುಮಾರು 100 ಮೆಗಾಬೈಟ್. ಐದು ಚಿತ್ರಗಳನ್ನು ಹೋಲಿಸಿ ಸೆಕೆಂಡಿಗೆ 25 ಚಿತ್ರ ಸಿದ್ಧಮಾಡಲು, ಒಂದೇ ಒಂದು ಸಲ ಓದಿದರೂ ಸುಮಾರು 12.5 ಗಿಗಾಬೈಟ್. ಹುಡುಕಾಟದಲ್ಲಿ ಓದುವುದು ಒಂದು ಸಲವಲ್ಲ, ಹಲವು ಸಲ. ಅಂದಮೇಲೆ 68 ಎಷ್ಟು ಬೇಗ ಕರಗುವುದೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿಯೇ ತಲೆಮಾರಿನ ಲೆಕ್ಕ ಅಡಿಮೇಲಾಗುವುದು. 2021ರ ಎಂ1 ಪ್ರೊ ಚಿಪ್ಪಿಗೆ ಸೆಕೆಂಡಿಗೆ 200 ಗಿಗಾಬೈಟ್ ಹರಿಯುತ್ತಿತ್ತು. 2023ರ ಜನವರಿಯ ಎಂ2 ಪ್ರೊಗೂ ಅಷ್ಟೇ. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ಎಂ3 ಪ್ರೊಗೆ ಅದು 150ಕ್ಕೆ ಇಳಿಯಿತು; ಗ್ರಾಫಿಕ್ಸ್ ಕೋರ್‌ಗಳೂ ಗರಿಷ್ಠ 19ರಿಂದ 18ಕ್ಕೆ ಬಂದವು. ಮಗ ಹುಟ್ಟಿದ, ಮನೆ ಚಿಕ್ಕದಾಯಿತು! ಒಂದೊಂದು ಕೋರ್ ಚುರುಕಾಯಿತೆಂಬುದೂ ನಿಜ. ಆದರೂ ನಾಯ್ಸ್ ಕಳೆಯುವವನು ಎಂ2 ಪ್ರೊ ಮಾರಿ ಎಂ3 ಪ್ರೊ ಕೊಂಡರೆ ಆ ಹಣ ಬೇರೆಲ್ಲೋ ಉಪಯೋಗವಾಗುತ್ತಿತ್ತು ಎಂದೇ ನಮ್ಮ ಅಭಿಪ್ರಾಯ. 2024ರ ಎಂ4 ಪ್ರೊದಲ್ಲಿ ಅದು 273ಕ್ಕೇರಿತು. ಎನ್‌ವಿಡಿಯಾದ ಮನೆಯಲ್ಲೂ ಇದೇ ಕಥೆ: ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 3060ರಲ್ಲಿ 192 ಬಿಟ್ ಅಗಲವಿದ್ದ ಮೆಮರಿಯ ದಾರಿ 4060ರಲ್ಲಿ 128ಕ್ಕೆ ಕಿರಿದಾಯಿತು.

ಶಾಖದ ಮಾತನ್ನೂ ಮರೆಯುವಂತಿಲ್ಲ. ಎಂ1 ಚಿಪ್ಪೊಂದೇ ಆದರೂ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನ್ ಇಲ್ಲ, ಅದೇ ವರ್ಷದ ಮ್ಯಾಕ್‌ಬುಕ್ ಪ್ರೊದಲ್ಲಿ ಇದೆ. ಐದು ನಿಮಿಷದ ಕೆಲಸದಲ್ಲಿ ವ್ಯತ್ಯಾಸ ಕಾಣದು. ಮೂರು ಗಂಟೆಯ ಮದುವೆ ಕ್ಯಾಸೆಟ್ಟಿಗೆ ಕೂತಾಗ ಏರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ.

ಇಷ್ಟೆಲ್ಲ 4ಕೆ ಲೆಕ್ಕ. ನಮ್ಮ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದಾಗ ಸಿಗುವ ಚಿತ್ರ 720ಕ್ಕೆ 576, ಅಂದರೆ 4,14,720 ಬಿಂದು. 4ಕೆಯ ಇಪ್ಪತ್ತನೆಯ ಒಂದು ಭಾಗ! ಹತ್ತು ವರ್ಷದ ಹಿಂದಿನ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿ ಬೆಳಗಿನ ಕಾಫಿಯ ಹೊತ್ತಿಗೆ ಕೆಲಸ ಮುಗಿಸೀತು. ಹೊಸ ಚಿಪ್ಪಿನ ಜೊತೆ ಬರುವ, ಕಲಿತ ಯಂತ್ರದಿಂದ ನಾಯ್ಸ್ ಕಳೆಯುವ ವಿಧಾನಗಳು (2024ರಲ್ಲಿ ದ ವಿಂಚಿ ರಿಸಾಲ್ವ್ 19ರಲ್ಲಿ ಬಂದ ಅಲ್ಟ್ರಾ ಎನ್‌.ಆರ್. ಅಂಥದೊಂದು) ಬಲಶಾಲಿಗಳೇ ಸರಿ. ಆದರೆ ಯಾವ ವಿಧಾನವನ್ನೇ ಆಗಲಿ ಜೋರಾಗಿ ತಿರುಗಿಸಿದರೆ ಅಜ್ಜಿಯ ಮುಖದ ಸುಕ್ಕೂ ಸೀರೆಯ ಜರಿಯೂ ಚುಕ್ಕಿಗಳ ಜೊತೆಗೇ ಹೋಗಿ ಮೇಣದ ಬೊಂಬೆ ಉಳಿಯುತ್ತದೆ. ಆದ್ದರಿಂದ ಏನನ್ನೂ ಕಳೆಯದ ಮೂಲ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಬೇಕು.

ಚಿಪ್ಪಿಗಾಗಿ ಕಾಯಬಹುದು, ಟೇಪ್ ಕಾಯುವುದಿಲ್ಲ. ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಮುಂಬಯಿಯ ಆರ್ದ್ರ ಹವೆಯಲ್ಲಿ ಬೂಷ್ಟು ಹಿಡಿಯದೆ ಉಳಿದಿರುವ ಕ್ಯಾಸೆಟ್ಟನ್ನು ಓದಬಲ್ಲ ಯಂತ್ರ ಯಾರ ಮನೆಯಲ್ಲಿ ಇನ್ನೂ ತಿರುಗುತ್ತಿದೆಯೋ, ಮೊದಲು ಹುಡುಕಬೇಕಾದದ್ದು ಆ ಮನೆಯನ್ನು.